ತಾರೀಖಿಲ್ಲದ ಮೆಸೇಜು, ಊರಿಲ್ಲದ ಮಳೆ

ಇವತ್ತು ಬೆಳಿಗ್ಗೆ ವಾಟ್ಸಾಪಿನಲ್ಲಿ ಮತ್ತೆ ಅದೇ ಕಾಗದ ಬಂತು. "ಭಾರಿ ಮಳೆಯ ಹಿನ್ನೆಲೆಯಲ್ಲಿ ನಾಳೆ ಶಾಲಾ ಕಾಲೇಜುಗಳಿಗೆ ರಜೆ." ಓರೆಯಾಗಿ ತೆಗೆದ ಫೋಟೋ, ಮಸುಕಾದ ಮುದ್ರೆ, ತಾರೀಖಿರುವ ಮೇಲ್ಭಾಗವನ್ನು ಮಾತ್ರ ಯಾರೋ ಬಹಳ ನೀಟಾಗಿ ಕತ್ತರಿಸಿದ್ದಾರೆ. ಸಹಿ ಹಾಕಿದ ಅಧಿಕಾರಿಗೆ ವರ್ಗವಾಗಿ ಯಾವ ಕಾಲವಾಯಿತೋ. ತೋಟದ ಗ್ರೂಪು, ಶಾಲೆ ಗ್ರೂಪು, ಕುಟುಂಬದ ಗ್ರೂಪು, ಎಲ್ಲ ಕಡೆ ಅದೇ. ಕೆಳಗೆ "ನಿಜವಾ?" "ಹೌದಂತೆ" "ನಮ್ಮ ತಾಲ್ಲೂಕಿಗೂ ಇದೆಯಾ?" ಅಂತ ಉದ್ದಕ್ಕೆ ಸಾಲು. ಒಬ್ಬರಾದರೂ "ಇದರ ತಾರೀಖು ಎಲ್ಲಿ?" ಅಂತ ಕೇಳಿದ್ದರೆ ಈ ಬರಹ ಬರೆಯುವ ಕೆಲಸ ಇರುತ್ತಿರಲಿಲ್ಲ.

ನಮ್ಮ ಕೊಡಗಿನ ಗ್ರೂಪುಗಳಲ್ಲಿ ನಿಯಮಕ್ಕೇನೂ ಬರ ಇಲ್ಲ. ರಾಜಕೀಯ ಬೇಡ, ಧರ್ಮ ಬೇಡ, ಗುಡ್ ಮಾರ್ನಿಂಗ್ ಗುಲಾಬಿ ಬೇಡ (ಗುಲಾಬಿ ಮಾತ್ರ ನಿಂತಿಲ್ಲ, ಅದು ಬೇರೆ ವಿಷಯ). ಯಾರಾದರೂ ಏಕವಚನದಲ್ಲಿ ಮಾತಾಡಿದರೆ ಅಡ್ಮಿನ್ ಓಡಿ ಬರುತ್ತಾರೆ. ಆದರೆ ತಾರೀಖು, ಜಾಗ, ಮೂಲ ಈ ಮೂರೂ ಇಲ್ಲದ ಮೆಸೇಜು ಬಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗ್ರೂಪು ನೋಡಿ ನಾವು ಮಕ್ಕಳನ್ನು ಜೀಪು ಹತ್ತಿಸುತ್ತೇವೆ, ಆಳುಗಳನ್ನು ತೋಟಕ್ಕೆ ಕಳಿಸುತ್ತೇವೆ, ಸಂಪಾಜೆ ಘಾಟಿ ಇಳಿಯುವುದೋ ಬೇಡವೋ ತೀರ್ಮಾನಿಸುತ್ತೇವೆ. ಅಲ್ಲಿ ಒರಟು ಮಾತಿಗಿಂತ ದೊಡ್ಡ ಅಪರಾಧ ತಾರೀಖಿಲ್ಲದ ಮಾತು. ನನ್ನ ತಕರಾರು ಇಷ್ಟೇ.

ಇದು ಯಾಕೆ ಪದೇ ಪದೇ ಆಗುತ್ತದೆ ಅನ್ನುವುದಕ್ಕೆ ವಾಟ್ಸಾಪಿನೊಳಗೇ ಕಾರಣ ಇದೆ. ಮೆಸೇಜಿನ ಮೂಲೆಯಲ್ಲಿ ಕಾಣುವ ಗಂಟೆ, ನಿಮ್ಮ ಗ್ರೂಪಿಗೆ ಅದನ್ನು ಹಾಕಿದ ಗಂಟೆ. ಮೊದಲು ಬರೆದವರು ಯಾವಾಗ ಬರೆದರು ಅಂತ ಅದು ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗಿನ ಫೋಟೋ ಹಾಕಿದರೂ "ಬೆಳಿಗ್ಗೆ 7.12" ಅಂತಲೇ ತೋರಿಸುತ್ತದೆ. ಫೋಟೋ ಆಗಿ ಕಳಿಸಿದರೆ ಕ್ಯಾಮೆರಾ ಬರೆದಿಟ್ಟ ದಿನಾಂಕ, ಜಾಗದ ವಿವರವೂ ಉದುರಿಹೋಗುತ್ತದೆ. ಅದು ಉಳಿಯಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಬೆಳೆ ಹಾನಿ, ಬರೆ (ಕಡಿದಾದ ಮಣ್ಣಿನ ದಂಡೆ) ಕುಸಿತದ ಫೋಟೋ ಕಳಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಎರಡು ಬಾಣದ ಗುರುತು ನೋಡಿದ್ದೀರಲ್ಲ? ಅಂದರೆ ಆ ಮೆಸೇಜು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಅಂತ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಆಗುತ್ತದೆ. ನಮ್ಮವರು ಬುದ್ಧಿವಂತರು, ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ. ಆಗ ಬಾಣವೂ ಹೋಯಿತು, ಹಳೆಯದೆಂಬ ಸುಳಿವೂ ಹೋಯಿತು. ಆದ್ದರಿಂದ ಬಾಣ ಇಲ್ಲ ಎಂದ ಮಾತ್ರಕ್ಕೆ ಹೊಸ ಸುದ್ದಿ ಅಂದುಕೊಳ್ಳಬೇಡಿ. ಸ್ಕ್ರೀನ್‌ಶಾಟ್ ಕಂಡರೆ ಇನ್ನೂ ಎರಡು ಪಟ್ಟು ಅನುಮಾನ ಇರಲಿ.

ಮಳೆಗೆ ಬರೋಣ. "ನಮ್ಮಲ್ಲಿ ಇವತ್ತು ನಾಲ್ಕೂವರೆ!" ನಮ್ಮಲ್ಲಿ ಅಂದರೆ ಎಲ್ಲಿ ಸ್ವಾಮಿ? ಭಾಗಮಂಡಲದಲ್ಲಿ ನಾಲ್ಕೂವರೆ ಇಂಚು ಬಿದ್ದರೆ ಜುಲೈ ತಿಂಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅದೇ ಮಳೆ ಕುಶಾಲನಗರದಲ್ಲಿ ಬಿದ್ದರೆ ಸುದ್ದಿ. ಇವತ್ತು ಅಂದರೆ ಯಾವಾಗ? ತೋಟದ ಮಳೆಮಾಪಕವನ್ನು ಬೆಳಿಗ್ಗೆ ಏಳು ಎಂಟಕ್ಕೆ ನೋಡುವುದು ರೂಢಿ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30. ಅಂದರೆ ಬೆಳಿಗ್ಗೆ ಅಳೆದದ್ದರಲ್ಲಿ ಹೆಚ್ಚಿನ ಪಾಲು ನಿನ್ನೆಯ ಮಳೆ. ಸಂಜೆ ಇನ್ನೊಬ್ಬರು ಮಾಪಕ ಖಾಲಿ ಮಾಡಿ "ಇವತ್ತು ಎರಡು" ಅಂದರೆ ಎರಡನ್ನೂ ಕೂಡಿಸಿ "ಆರೂವರೆ ಇಂಚು" ಅಂತ ಹಬ್ಬಿಸುವವರು ಮೂರನೆಯವರು.

ಅಳತೆಯದ್ದೂ ಗಲಿಬಿಲಿ. ನಾವು ಹೇಳುವುದು ಇಂಚು, ಸೆಂಟು. ಟಿವಿ ಹೇಳುವುದು ಮಿಲಿಮೀಟರ್. ಒಂದು ಇಂಚಿಗೆ ನೂರು ಸೆಂಟು, 25.4 ಮಿಲಿಮೀಟರ್. ಬರೀ "65" ಅಂತ ಹಾಕಿದರೆ 65 ಸೆಂಟೋ (ಕೊಡೆ ಹಿಡಿದು ಹೋಗಬಹುದು), 65 ಮಿಲಿಮೀಟರೋ (ಇಲಾಖೆಯ ಲೆಕ್ಕದಲ್ಲಿ 64.5 ದಾಟಿದರೆ ಭಾರಿ ಮಳೆ)? 24 ಗಂಟೆಗೆ 204.4 ಮಿಲಿಮೀಟರ್ ದಾಟಿದರೆ ಅತ್ಯಂತ ಭಾರಿ ಮಳೆ ಅನ್ನುತ್ತಾರೆ, ನಮ್ಮ ಲೆಕ್ಕಕ್ಕೆ ಎಂಟು ಇಂಚು ಚಿಲ್ಲರೆ. ಬರೆಯುವ ಕ್ರಮ ಹೀಗಿರಲಿ: ಊರು, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ಇಂಚು ಎಷ್ಟು ಸೆಂಟು. ಒಂದೇ ಸಾಲು. ಬೆರಳೇನೂ ಸವೆಯುವುದಿಲ್ಲ. ಹಾರಂಗಿ ಅಣೆಕಟ್ಟಿನ ನೀರಿನ ಮಟ್ಟಕ್ಕೂ ಇದೇ ಮಾತು. ಗರಿಷ್ಠ ಮಟ್ಟ 2,859 ಅಡಿ ಅಂತ ಎಲ್ಲರಿಗೂ ಬಾಯಿಪಾಠ. ಆದರೆ ಎಷ್ಟು ಗಂಟೆಯ ಮಟ್ಟ, ನದಿಗೆ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಅಂತ ಹೇಳದೆ "ಡ್ಯಾಂ ಫುಲ್" ಅಂದರೆ ತಗ್ಗಿನ ಬಡಾವಣೆಯವರು ರಾತ್ರಿಯಿಡೀ ಬೀರು ಮೇಲೆ ಸಾಮಾನು ಏರಿಸುತ್ತಾ ಕೂರುತ್ತಾರೆ.

ಆನೆ ಮೆಸೇಜು ಹಾಕುವವರ ಬಗ್ಗೆ ನನಗೆ ಗೌರವ ಇದೆ, ಅವರಿಂದ ಜೀವ ಉಳಿದಿದೆ. ಆದರೂ "ಆನೆ ಇದೆ ಹುಷಾರ್" ಅನ್ನುವುದರಿಂದ ತೋಟಕ್ಕೆ ನಡೆದು ಹೋಗುವ ಕಾರ್ಮಿಕನಿಗೆ ಏನು ತಿಳಿಯಿತು? ಎಷ್ಟು ಆನೆ, ಮರಿ ಇದೆಯಾ, ಒಂಟಿ ಸಲಗವಾ, ಎಷ್ಟು ಗಂಟೆಗೆ ಕಂಡಿತು, ಯಾವ ತೋಟದಿಂದ ಯಾವ ಕಡೆ ಮುಖ ಮಾಡಿತ್ತು, ಇಷ್ಟು ಬೇಕು. ಅದನ್ನೂ ಬರೆದು ಹಾಕಿ. ವಾಯ್ಸ್ ಮೆಸೇಜು ಕೇಳಲು ಸುಲಭ ಅನ್ನುತ್ತೀರಿ, ಆದರೆ ಅದನ್ನು ಹುಡುಕಲು ಆಗುವುದಿಲ್ಲ, ಜೀಪಿನ ಸದ್ದಿನಲ್ಲಿ ಕೇಳುವುದೂ ಇಲ್ಲ. ಮೇಲಾಗಿ ಒಂದೇ ಗ್ರೂಪಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮಾತಾಡುವವರೆಲ್ಲ ಇದ್ದಾರೆ. ಎಚ್ಚರಿಕೆ ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿರಲಿ, ಮಾತುಕತೆ ಯಾವ ಭಾಷೆಯಲ್ಲಾದರೂ ಆಗಲಿ.

ಇನ್ನೊಂದು, ಮುಗಿದದ್ದನ್ನು ಮುಗಿಯಿತು ಅನ್ನಿ. ಆನೆ ದಾಟಿತು, ಮರ ತೆಗೆದರು, ರಸ್ತೆ ಬಿಟ್ಟರು, ರಕ್ತ ಸಿಕ್ಕಿತು. ಹೊಸ ಮೆಸೇಜು ಹಾಕುವುದಕ್ಕಿಂತ ಮೊದಲಿನ ಮೆಸೇಜನ್ನೇ ಬಲಕ್ಕೆ ಎಳೆದು ಅದಕ್ಕೆ ಉತ್ತರವಾಗಿ ಬರೆದರೆ ಎರಡೂ ಜೋಡಿಯಾಗಿ ಕಾಣುತ್ತವೆ. ಕಳಿಸಿ 15 ನಿಮಿಷದೊಳಗಾದರೆ ತಿದ್ದಬಹುದು, ಸುಮಾರು ಎರಡೂವರೆ ದಿನದೊಳಗಾದರೆ ಎಲ್ಲರಿಗೂ ಅಳಿಸಬಹುದು. ಅದು ದಾಟಿದರೆ ನಿಮ್ಮ ಕೈಯಲ್ಲಿಲ್ಲ. "ಓ ನೆಗೆಟಿವ್ ತುರ್ತಾಗಿ ಬೇಕು" ಅನ್ನುವ ಮೆಸೇಜು ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ವರ್ಷಗಟ್ಟಲೆ ಸುತ್ತುವುದು ಹೀಗೆ. ಅದರಲ್ಲಿರುವ ನಂಬರಿನವರ ಪಾಡು ಯೋಚಿಸಿ.

ಈಗ ಕಾಫಿ. ಇಲ್ಲಿ ನನ್ನ ಸಹನೆ ಪೂರ್ತಿ ಮುಗಿದಿದೆ. ಒದ್ದೆ ಎಲೆಯ ಮಬ್ಬು ಫೋಟೋ ಒಂದು, ಕೆಳಗೆ "ಇದಕ್ಕೆ ಏನು ಹೊಡೆಯಬೇಕು?" ಅಷ್ಟೇ. ಅರೇಬಿಕಾನೋ ರೋಬಸ್ಟಾನೋ ಅದೂ ಇಲ್ಲ. ಬಿಳಿ ಕಾಂಡಕೊರಕ ಹುಳ ಅರೇಬಿಕಾದ ಶತ್ರು, ರೋಬಸ್ಟಾದವರು ಅದಕ್ಕೆ ಹೆದರಬೇಕಾಗಿಲ್ಲ. ಗಿಡ ಯಾವುದು ಅಂತ ಹೇಳದಿದ್ದರೆ ಉತ್ತರಿಸುವವನು ಕವಡೆ ಹಾಕಬೇಕಾ? ಕೇಳುವಾಗ ಮೂರು ಫೋಟೋ ಹಾಕಿ: ಎಲೆಯ ಅಡಿಭಾಗ ಹತ್ತಿರದಿಂದ (ತುಕ್ಕು ರೋಗದ ಕಿತ್ತಳೆ ಪುಡಿ ಇರುವುದು ಅಲ್ಲೇ), ಇಡೀ ಗಿಡ, ಆಮೇಲೆ ಸುತ್ತಲಿನ ತೋಟದ ಪಟ್ಟೆ. ಜೊತೆಗೆ ತಳಿ, ಗಿಡದ ವಯಸ್ಸು, ನೆರಳು ಎಷ್ಟಿದೆ, ಎಷ್ಟು ಗಿಡಕ್ಕೆ ಬಂದಿದೆ, ಕೊನೆಯದಾಗಿ ಏನು ಯಾವಾಗ ಹೊಡೆದಿದ್ದೀರಿ. ಹಾಗೆ ಕೇಳಿದವರಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋದರೂ ಬೇಗ ಉತ್ತರ ಸಿಗುತ್ತದೆ.

ಉತ್ತರ ಕೊಡುವ ಪಂಡಿತರು ಇನ್ನೂ ಅಪಾಯ. "ಟ್ಯಾಂಕಿಗೆ 40 ಎಂಎಲ್ ಹಾಕಿ." ಯಾವ ಟ್ಯಾಂಕು? ಬೆನ್ನಿಗೆ ಹಾಕುವ 16 ಲೀಟರಿನದೋ, 200 ಲೀಟರ್ ಬ್ಯಾರಲ್ಲೋ? ಒಂದರಲ್ಲಿ ಎಲೆ ಸುಡುತ್ತದೆ, ಇನ್ನೊಂದರಲ್ಲಿ ರೋಗ ನಗುತ್ತದೆ. "ಬೋರ್ಡೋ ಹೊಡಿ" ಅನ್ನುವುದೂ ಉತ್ತರವಲ್ಲ. ಶೇ. 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ಬ್ಯಾರಲ್ಲಿಗೆ ಎರಡೆರಡು ಕಿಲೋ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡಬಾರದು. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಅದೇ ದಿನ ಹೊಡೆದು ಮುಗಿಸಬೇಕು. ಇಷ್ಟು ಬರೆಯಲು ಪುರುಸೊತ್ತಿಲ್ಲದವರು ಸುಮ್ಮನಿದ್ದರೆ ಉಪಕಾರ.

ಅಲ್ಲೂ ತಾರೀಖು ನೋಡಿ. ಕಾಫಿಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮೊದಲು. ಮೇ ತಿಂಗಳ ಆ ಸಲಹೆಯನ್ನು ಜುಲೈ ಮಳೆಯಲ್ಲಿ ಎತ್ತಿ ಹಾಕಿದರೆ ಔಷಧಿ ಕಾವೇರಿಗೆ, ಕೂಲಿ ಗಾಳಿಗೆ. ಆಗ ಮಾಡಬೇಕಾದ್ದು ಕೊಳೆತ ಎಲೆ, ಕಾಯಿಗೊಂಚಲು ತೆಗೆದು ನಾಶ ಮಾಡಿ, ಗಾಳಿಯಾಡುವ ಹಾಗೆ ಗಿಡದ ನಡುವನ್ನು ಬಿಡಿಸಿ, ಮಳೆ ಬಿಡುವು ಕೊಡುವುದನ್ನು ಕಾಯುವುದು.

ರೇಟಿನ ಬಗ್ಗೆ ಎರಡೇ ಮಾತು. ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. "ಚೆರಿ ರೇಟ್ ಎಷ್ಟು?" ಅಂದರೆ ಅರೇಬಿಕಾ ಚೆರಿಯಾ ರೋಬಸ್ಟಾ ಚೆರಿಯಾ, 50 ಕಿಲೋ ಮೂಟೆಗಾ ಔಟ್‌ಟರ್ನ್ ಪಾಯಿಂಟಿಗಾ (ಮೂಟೆಗೆ ಸಿಗುವ ಬೇಳೆಯ ಒಂದೊಂದು ಕಿಲೋ ಒಂದೊಂದು ಪಾಯಿಂಟ್), ಗೋಣಿಕೊಪ್ಪದಲ್ಲಾ ಮನೆ ಬಾಗಿಲಲ್ಲಾ ಅಂತ ಹೇಳಿ. ಮೂಟೆಗೆ 26 ಕಿಲೋ ಬೇಳೆ ಸಿಗುವ ಚೆರಿಗೂ 28 ಸಿಗುವ ಚೆರಿಗೂ ಪಾಯಿಂಟ್ ದರ ಒಂದೇ ಇದ್ದರೂ ಕೈಗೆ ಬರುವ ಹಣ ಬೇರೆ. ಕರಿಮೆಣಸಾದರೆ ಲೀಟರ್ ತೂಕ (ಒಂದು ಲೀಟರ್ ಕಾಳು ಎಷ್ಟು ತೂಗುತ್ತದೆ ಅನ್ನುವುದು), ತೇವಾಂಶ ಹೇಳದ ರೇಟು ಬರೀ ಗಾಳಿಮಾತು.

"ಪಾಪ, ಹಿರಿಯರು, ಕಾಳಜಿಯಿಂದ ಹಾಕುತ್ತಾರೆ, ಸುಳ್ಳಾದರೂ ಎಚ್ಚರ ಇರುವುದು ಒಳ್ಳೆಯದಲ್ಲವಾ?" ಅನ್ನುವವರಿದ್ದಾರೆ. ಕಾಳಜಿ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಹತ್ತು ಸಲ ಸುಳ್ಳು ಗುಡ್ಡ ಜಾರಿಸಿದರೆ ಹನ್ನೊಂದನೆಯ ಸಲ ನಿಜವಾಗಿ ಜಾರಿದಾಗ ಜನ ಕಂಬಳಿ ಹೊದ್ದು ಮಲಗಿರುತ್ತಾರೆ. ಹಿರಿಯರ ಹೆಸರನ್ನು ಎಳೆದು ತರುವುದೂ ಬೇಡ. ನಮ್ಮ ಹಿರಿಯರು ಮಳೆ ಪುಸ್ತಕದಲ್ಲಿ ದಿನ ದಿನದ ಸೆಂಟು ಬರೆದಿಟ್ಟವರು. ಸ್ಕ್ರೀನ್‌ಶಾಟ್ ಕಟ್ ಮಾಡುವುದು ಅವರಿಗೆ ಬರುವುದೂ ಇಲ್ಲ.

ಇನ್ನು "ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್ ಜೈಲಿಗೆ" ಅನ್ನುವ ಭಯ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಹೇಳಿದೆ, ಅದಕ್ಕೂ ಮೊದಲು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಹೇಳಿದೆ. ಆದರೆ ಕೇರಳದ ತೀರ್ಪು ಕೊಟ್ಟ ಕಾರಣಗಳಲ್ಲಿ ಒಂದು, ಸದಸ್ಯರ ಮಾತನ್ನು ತಡೆಯಲು ಅಡ್ಮಿನ್‌ಗೆ ದಾರಿಯಿಲ್ಲ ಅನ್ನುವುದು. ಅದೇ ವರ್ಷ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸುವ ಅಧಿಕಾರವನ್ನು ವಾಟ್ಸಾಪ್ ಅಡ್ಮಿನ್ ಕೈಗೆ ಕೊಟ್ಟಿತು. ಹಾಗಾಗಿ "ನನ್ನ ಕೈಯಲ್ಲಿ ಏನಿದೆ ಅಣ್ಣಾ" ಅನ್ನುವ ರಾಗ ಇನ್ನು ಬೇಡ. ಹಾಕುವವರಿಗೂ ಒಂದು ಮಾತು: ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಹುಟ್ಟಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ.

ಅಡ್ಮಿನ್‌ಗಳೇ, ಕೆಲಸ ಸಣ್ಣದು. ಗ್ರೂಪಿನ ವಿವರಣೆಯಲ್ಲಿ ಹದಿನೈದು ನಿಯಮ ತುರುಕಬೇಡಿ, ಯಾರೂ ಓದುವುದಿಲ್ಲ. "ತಾರೀಖು, ಜಾಗ, ಎಲ್ಲಿಂದ ಬಂತು, ಇವಿಲ್ಲದ್ದು ಅಳಿಸಲಾಗುವುದು" ಅಂತ ಒಂದು ಸಾಲು ಬರೆದು ಪಿನ್ ಮಾಡಿ. ಪಿನ್ 30 ದಿನಕ್ಕೆ ಬಿದ್ದುಹೋಗುತ್ತದೆ, ಮತ್ತೆ ಹಾಕಿ. ಜೊತೆಗೆ ಜಿಲ್ಲಾ ವಿಪತ್ತು ಸಹಾಯವಾಣಿ 1077, ಕರೆಂಟಿಗೆ 1912. "ಕರೆಂಟ್ ಬಂತಾ" ಅನ್ನುವ ಪ್ರಶ್ನೆಗೆ ಊರೆಲ್ಲ "ಇಲ್ಲ" ಅನ್ನುವುದು ಅದರಿಂದಲಾದರೂ ಕಡಿಮೆಯಾಗಲಿ. ಸಾವಿನ ಸುದ್ದಿಯ ಕೆಳಗೆ "ಓಂ ಶಾಂತಿ" ಸಾಲುಗಟ್ಟುವ ಬದಲು ಕೈಮುಗಿದ ಗುರುತು ಒತ್ತಿದರೆ ಸಾಕು ಅಂತ ಹೇಳಿ. ಹೋದವರಿಗೆ ಅಗೌರವವಾಗುವುದಿಲ್ಲ, ಮೇಲಿದ್ದ ರಸ್ತೆ ಸುದ್ದಿ ಮುಳುಗುವುದೂ ಇಲ್ಲ. ರೆಡ್ ಅಲರ್ಟ್ ಇರುವ ರಾತ್ರಿ ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕುವುದಾದರೆ, ಎಚ್ಚರವಾಗಿರುವ ನಾಲ್ಕು ಊರಿನ ನಾಲ್ವರನ್ನು ಮೊದಲೇ ಅಡ್ಮಿನ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ನಾಪೋಕ್ಲಿನ ಸುದ್ದಿ ಹೇಳಬೇಕಾದವರ ಬಾಯಿಗೇ ಬೀಗ.

ತಪ್ಪಿದವರಿಗೆ ಮೊದಲ ಸಲ ಅಳಿಸಿ, ಯಾಕೆ ಅಂತ ಖಾಸಗಿಯಾಗಿ ಒಂದು ಸಾಲು ಕಳಿಸಿ. ಎಲ್ಲರೆದುರು ಬೈದರೆ ಅವರ ಪರ ಇನ್ನೂ ಮೂವರು ಎದ್ದು ನಿಲ್ಲುತ್ತಾರೆ, ಇಡೀ ದಿನ ಅದೇ ಜಗಳ. ಎರಡನೆಯ ಸಲ ಫೋನ್ ಮಾಡಿ. ಮೂರನೆಯ ಸಲ ಸದ್ದಿಲ್ಲದೆ ತೆಗೆಯಿರಿ. ತೆಗೆದದ್ದನ್ನು ಗ್ರೂಪಿನಲ್ಲಿ ಸಾರಬೇಡಿ. ಕಾಫಿ ಕುಯ್ಲು ಶುರುವಾದಾಗ ರೇಟ್ ಕೇಳಲು ಅವರೇ ವಾಪಸ್ ಬರುತ್ತಾರೆ, ಸೇರಿಸಿಕೊಳ್ಳಿ.