ಜರ್ಸಿಯೊಳಗೆ ಯಾರಿದ್ದರೇನು?

ಅಮೆರಿಕ, ಕೆನಡಾಗಳ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಮಾಲೀಕರೂ ಆಟಗಾರರೂ 2025ರ ಜುಲೈನಲ್ಲಿ ಬಡಿದಾಡದೆ ಹೊಸ ಕರಾರಿಗೆ ಬಂದರು. 2030ರ ಸೆಪ್ಟೆಂಬರ್‌ವರೆಗೆ ಗೇಟಿಗೆ ಬೀಗವಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಹಳೇ ಜಾಣತನ ಮೈಮುರಿದು ಏಳುತ್ತದೆ: "ಇವರಿಗೆ ಇಷ್ಟೆಲ್ಲ ಸುರಿಯೋದ್ಯಾಕೆ? 2005ರಲ್ಲಿ ಲೀಗ್ ನಿಂತಿದ್ದಾಗ್ಲೇ ಬದಲಿ ಆಟಗಾರರನ್ನ ಇಳಿಸಿದ್ರೆ ಮುಗೀತಿತ್ತು. ಜನ ನೋಡೋದು ಜರ್ಸಿ, ಒಳಗಿರೋನನ್ನಲ್ಲ."

ಆಹಾ! ಇದೇ ಲೆಕ್ಕದಲ್ಲಿ ಯಕ್ಷಗಾನಕ್ಕೆ ಕಿರೀಟವೊಂದಿದ್ದರೆ ಸಾಕು. ಪಾತ್ರಧಾರಿ ಬರದಿದ್ದರೆ ಅದನ್ನು ಜನರೇಟರ್ ನೋಡಿಕೊಳ್ಳುವವನ ತಲೆಗೆ ಕಟ್ಟಿ ರಂಗಕ್ಕೆ ದಬ್ಬಬಹುದು. ಟಿಕೆಟ್ ದರ ಮಾತ್ರ ಅದೇ.

(ಕೊಡಗಿನವರು ಕ್ಷಮಿಸಬೇಕು, ಇದು ಮಂಜುಗಡ್ಡೆ ಮೇಲಿನ ಹಾಕಿ. ಆದರೆ 2010ರ ಜನವರಿಯಲ್ಲಿ, ವಿಶ್ವಕಪ್ ಹೊಸ್ತಿಲಲ್ಲಿರುವಾಗ, ಬಾಕಿ ಹಣಕ್ಕಾಗಿ ನಮ್ಮ ಭಾರತ ತಂಡವೂ ಪುಣೆ ಶಿಬಿರದಲ್ಲಿ ಅಭ್ಯಾಸ ಬಿಟ್ಟು ಕೂತಿತ್ತು. ಹಾಗಾಗಿ ಮಾತು ತೀರಾ ಪರದೇಶದ್ದಲ್ಲ.)

ಕತೆ ಇಷ್ಟು. 2004ರ ಸೆಪ್ಟೆಂಬರ್ 16ಕ್ಕೆ ಲಾಕೌಟ್. 2005ರ ಫೆಬ್ರವರಿ 16ಕ್ಕೆ ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ನನ್ನೇ ರದ್ದು ಮಾಡಿದರು. 1,230 ಪಂದ್ಯ ಹೋಯಿತು. ಕೊನೇ ಗಳಿಗೆಯಲ್ಲಿ ಒಂದು ತಂಡದ ಸಂಬಳದ ಮಿತಿಗೆ ಮಾಲೀಕರು ಹೇಳಿದ್ದು 42.5 ಮಿಲಿಯನ್ ಡಾಲರ್, ಆಟಗಾರರ ಸಂಘ ಕೇಳಿದ್ದು 49. ನಡುವೆ ಇದ್ದದ್ದು ಆರೂವರೆ. 2026-27ಕ್ಕೆ ಅದೇ ಮಿತಿ 104 ಮಿಲಿಯನ್. ಅಂದು ದಿವಾಳಿಯ ಅಂಚಿನಲ್ಲಿ ನಿಂತು ಕಣ್ಣೊರೆಸಿಕೊಂಡ ಕಸುಬು ಎಷ್ಟು ಸೊರಗಿದೆ ನೋಡಿ.

ಒಂದು ಸಣ್ಣ ಸಂಗತಿ. ಅದು ಮುಷ್ಕರವಲ್ಲ, ಲಾಕೌಟ್. ಬೀಗ ಹಾಕಿದವರು ಮಾಲೀಕರು. ಹಾಕಿದ ಮೇಲೆ "ಅಯ್ಯೋ, ಕೆಲಸಕ್ಕೆ ಯಾರೂ ಬರ್ತಿಲ್ಲ, ಬೇರೆಯವರನ್ನ ಕರೀಬೇಕು" ಅನ್ನಲು ಬಹಳ ಎದೆಗಾರಿಕೆ ಬೇಕು. ಅಮೆರಿಕದಲ್ಲಿ ಇದಕ್ಕೊಂದು ದಾರಿಯೂ ಇದೆ. ಮೊದಲು ಮಾತುಕತೆ ಕಗ್ಗಂಟಾಯಿತು ಎಂದು ಸಾರಬೇಕು. ಆಮೇಲೆ ತಮ್ಮ ಕೊನೇ ಷರತ್ತನ್ನೇ ಜಾರಿ ಮಾಡಿ ಗೇಟು ತೆಗೆಯಬೇಕು. ಒಪ್ಪಿದವನು ಒಳಗೆ ಬರುತ್ತಾನೆ, ಒಪ್ಪದವನು ಆ ಕ್ಷಣದಿಂದ ಮುಷ್ಕರ ಹೂಡಿದವನು. ರಾತ್ರಿ ಬೀಗ ಜಡಿದವನು ಬೆಳಗಾಗುವಷ್ಟರಲ್ಲಿ ಸಂತ್ರಸ್ತ! ಈ ಆಟ ಕೈಕೊಡುವುದು ಮಾತುಕತೆ ಪ್ರಾಮಾಣಿಕವಾಗಿರಲಿಲ್ಲ ಎಂದು ನ್ಯಾಯಾಧೀಶರಿಗೆ ಅನ್ನಿಸಿದಾಗ. ಬೇಸ್‌ಬಾಲ್‌ನವರು 1995ರಲ್ಲಿ ಬದಲಿಗಳನ್ನು ಹಿಡಿದು ತಂದು, ಅಭ್ಯಾಸ ಪಂದ್ಯಗಳನ್ನೂ ಆಡಿಸಿ, ಇನ್ನೇನು ಸೀಸನ್ ಶುರು ಅನ್ನುವಾಗ ಮಾರ್ಚ್ 31ಕ್ಕೆ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ತಡೆಯಾಜ್ಞೆ ಕೊಟ್ಟರು. ಬದಲಿಗಳು ಗಂಟುಮೂಟೆ ಕಟ್ಟಿದರು.

ಕೆನಡಾದಲ್ಲಿ ಇನ್ನೂ ಸೊಗಸು. ಬದಲಿ ಕಾರ್ಮಿಕರನ್ನು ಕ್ವಿಬೆಕ್ 1977ರಲ್ಲಿ, ಬ್ರಿಟಿಷ್ ಕೊಲಂಬಿಯ 1993ರಲ್ಲಿ ನಿಷೇಧಿಸಿದ್ದವು. ಆ ಕಾನೂನು ತಮ್ಮನ್ನೂ ಕಾಯಲಿ ಎಂದು ಹಾಕಿ ಆಟಗಾರರ ಸಂಘ ಅಲ್ಲಿನ ಕಾರ್ಮಿಕ ಮಂಡಳಿಗಳ ಮೆಟ್ಟಿಲೇರಿತು. ಗೆದ್ದರೆ ಮಾಂಟ್ರಿಯಲ್, ವ್ಯಾಂಕೂವರ್ ತಂಡಗಳು ಬದಲಿಗಳನ್ನು ಇಟ್ಟುಕೊಂಡು ಸ್ವಂತ ಊರಲ್ಲಿ ಆಡುವಂತಿಲ್ಲ. 1995ರಲ್ಲಿ ಒಂಟಾರಿಯೊದಲ್ಲೂ ಇಂಥದೇ ಕಾನೂನಿತ್ತು. ಹಾಗಾಗಿ ಟೊರಾಂಟೊದ ಬೇಸ್‌ಬಾಲ್ ತಂಡ ಬ್ಲೂ ಜೇಸ್ ತನ್ನ ತವರು ಪಂದ್ಯಗಳನ್ನು ಫ್ಲಾರಿಡಾದ ಡನೀಡನ್‌ನಲ್ಲಿ ಆಡಲು ಹೊರಟಿತ್ತು. ನಮ್ಮೂರ ತೇರು ಈ ಸಲ ಪರರಾಜ್ಯದಲ್ಲಿ ಎಳೆಯಲಾಗುವುದು, ಭಕ್ತಾದಿಗಳು ಸಹಕರಿಸಬೇಕು.

ಇರಲಿ, ಕಾನೂನು ಬಿಟ್ಟು ತಂಡ ಕಟ್ಟೋಣ. ಆಗ 30 ತಂಡ, ಪಂದ್ಯಕ್ಕೆ ತಂಡಕ್ಕೆ 20 ಜನ, ಒಟ್ಟು 600. ಎಲ್ಲಿಂದ ತರುತ್ತೀರಿ? ಕೆಳದರ್ಜೆಯ ಲೀಗ್‌ಗಳಾದ ಎಎಚ್‌ಎಲ್, ಇಸಿಎಚ್‌ಎಲ್ ಆಟಗಾರರಿಗೂ 1967ರಲ್ಲಿ ಹುಟ್ಟಿದ ತಮ್ಮದೇ ಸಂಘವಿದೆ. ನಾಳೆ ಮೇಲೇರಬೇಕೆಂಬ ಹುಡುಗ ಇಂದು ಸಂಘದ ಗೆರೆ ದಾಟಿ ಬದಲಿಯಾಗಿ ಆಡಿದರೆ ಮುಂದೆ ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಪಕ್ಕ ಕೂರುತ್ತಾನೆ? ಹೊರದೇಶದವನನ್ನು ಕರೆಸೋಣವೆಂದರೆ, ಕಾರ್ಮಿಕ ವಿವಾದದಿಂದ ಕೆಲಸ ನಿಂತ ಕಡೆಗೆ ಕ್ರೀಡಾಪಟು ವೀಸಾ ಸಿಗದಂತೆ ತಡೆಯಲು ಅಮೆರಿಕದ ನಿಯಮದಲ್ಲೇ ಅವಕಾಶವಿದೆ. ಕೊನೆಗೆ ಉಳಿಯುವವರು ನಿವೃತ್ತರು ಮತ್ತು ಭಾನುವಾರ ಬಿಯರಿಗೆ ಮುಂಚೆ ಆಡುವವರು.

ಇವರನ್ನು 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಮೇಲೆ ಬಿಡಿ. ಪಕ್ ಅಂದರೆ 170 ಗ್ರಾಂ ತೂಗುವ ರಬ್ಬರ್ ಬಿಲ್ಲೆ, ಪುಟಿಯದಿರಲಿ ಎಂದು ಫ್ರೀಜ್ ಮಾಡಿಟ್ಟದ್ದು. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯಿಂದ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಗೋಲಿಯ, ಅಂದರೆ ಗೋಲ್‌ಕೀಪರನ, ಹತ್ತಿರ ಬರಲು ಅರ್ಧ ಸೆಕೆಂಡೂ ಬೇಡ. ನಡುವೆ ನಾಲ್ಕು ಜನ ಅಡ್ಡ ನಿಂತಿರುತ್ತಾರೆ, ಅವನಿಗೆ ಬಿಲ್ಲೆಯೇ ಕಾಣುವುದಿಲ್ಲ. ಇನ್ನು ತಮಾಷೆಯೆಂದರೆ, ಹಾಕಿಯಲ್ಲಿ ಬದಲಾವಣೆಯೇ ದೊಡ್ಡ ವಿದ್ಯೆ. ಆಟ ನಿಲ್ಲಿಸದೆ, ಮುಕ್ಕಾಲು ನಿಮಿಷಕ್ಕೊಮ್ಮೆ ಒಬ್ಬ ಬೆಂಚಿಗೆ ಹಾರಬೇಕು, ಇನ್ನೊಬ್ಬ ಇಳಿಯಬೇಕು. ಹೊಸಬ ಇಳಿಯುವ ಮುಂಚೆ ಆಟ ಬಿಟ್ಟು ಬರುವವನು ಬೆಂಚಿನಿಂದ ಐದಡಿಯೊಳಗೆ ಬಂದಿರಬೇಕು. ಅವಸರಪಟ್ಟು ಮುಂಚೆ ಇಳಿದರೆ ಆರನೆಯವನಾಗಿ ಎರಡು ನಿಮಿಷ ಶಿಕ್ಷೆ. ತಡವಾದರೆ ಎದುರಾಳಿ ಮೂವರು ನಿಮ್ಮ ಒಬ್ಬನ ಮೇಲೆ ಬರುತ್ತಾರೆ. ನಿನ್ನೆ ಪರಿಚಯವಾದ ಹದಿನೆಂಟು ಜನ ಇದನ್ನು ಮಾಡುವುದು ಮೆಜೆಸ್ಟಿಕ್‌ನಲ್ಲಿ ಸಂಜೆ ಆರಕ್ಕೆ ಓಡುವ ಬಸ್ ಹತ್ತಿಳಿದಂತಿರುತ್ತದೆ.

"ಡೇವಿಡ್ ಏರ್ಸ್ ಇಲ್ವಾ?" ಎಂದು ಕೇಳುವವರಿದ್ದಾರೆ. ಇದ್ದಾರಪ್ಪ. 2020ರ ಫೆಬ್ರವರಿಯಲ್ಲಿ, 42ರ ವಯಸ್ಸಿನಲ್ಲಿ, ಮಂಜು ನುಣುಪು ಮಾಡುವ ಜಾಂಬೋನಿ ಓಡಿಸುತ್ತಿದ್ದ ಮನುಷ್ಯ ಕ್ಯಾರೊಲಿನಾದ ಇಬ್ಬರು ಗೋಲಿಗಳೂ ಗಾಯಗೊಂಡಾಗ ಇಳಿದರು. ಮೊದಲ ಎರಡು ಹೊಡೆತ ಎರಡೂ ಒಳಗೆ. ಆಮೇಲೆ ಎಂಟು ತಡೆದು ಟೊರಾಂಟೊವನ್ನು 6-3ಕ್ಕೆ ಸೋಲಿಸಲು ನೆರವಾದರು. ಅವರ ಮುಂದೆ ಹದಿನೆಂಟು ಅಸಲಿ ಆಟಗಾರರು ಪ್ರಾಣ ಕೊಟ್ಟು ಅಡ್ಡ ಬೀಳುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಬದಲಿಯನ್ನು ಕಂಡರೆ ದ್ವೇಷವಿಲ್ಲ. ಎನ್‌ಎಚ್‌ಎಲ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್‌ಗೂ ಬದಲಿ ಇದೆಯಲ್ಲ. ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಂಡ ಬೋಗುಣಿ ಟೊರಾಂಟೊದ ಹಾಲ್ ಆಫ್ ಫೇಮ್‌ನಲ್ಲಿ ಮೂಲವಿಗ್ರಹದಂತೆ ಕೂತಿದೆ. ಗೆದ್ದವರು ಎತ್ತಿ ಕುಣಿಯುವುದು 1963ರ ಉತ್ಸವಮೂರ್ತಿ. ಅದೂ ಊರೂರು ತಿರುಗುವಾಗ ಭಕ್ತರ ದರ್ಶನಕ್ಕೆ 1993ರ ಪ್ರತಿಕೃತಿ. ಆದರೆ ಅಲ್ಲಿ ಯಾವುದು ಯಾವುದೆಂದು ಮುಚ್ಚಿಟ್ಟಿಲ್ಲ.

ಕಪ್ಪಿನ ಮಾತು ಬಂದಾಗ ಪೀಟರ್ ಪಾಕ್ಲಿಂಗ್ಟನ್‌ರನ್ನು ನೆನೆಯದಿದ್ದರೆ ಪಾಪ ಬಂದೀತು. ಕೆನಡಾದ ಎಡ್ಮಂಟನ್ ಆಯ್ಲರ್ಸ್ ತಂಡದ ಅಂದಿನ ಮಾಲೀಕರು. 1984ರಲ್ಲಿ ಗೆದ್ದಾಗ ತಂಡಕ್ಕೆ ಸಂಬಂಧವೇ ಇಲ್ಲದ ತಮ್ಮ ತಂದೆ ಬೇಸಿಲ್ ಹೆಸರನ್ನೂ ಕಪ್ ಮೇಲೆ ಕೆತ್ತಿಸಿದರು. ಲೀಗ್ ಒಪ್ಪಲಿಲ್ಲ, ಹೆಸರಿನ ಮೇಲೆ ಸಾಲಾಗಿ ಎಕ್ಸ್ ಎಕ್ಸ್ ಎಂದು ಹೊಡೆಸಿತು, ಇಂದಿಗೂ ಇದೆ. ಇದೇ ಮಹಾನುಭಾವರಿಗೆ ಎಡ್ಮಂಟನ್‌ನಲ್ಲಿ ಗೇನರ್ಸ್ ಎಂಬ ಮಾಂಸದ ಕಾರ್ಖಾನೆಯೂ ಇತ್ತು. 1986ರ ಜೂನ್‌ನಲ್ಲಿ ಅಲ್ಲಿ ಮುಷ್ಕರವಾದಾಗ ಬಸ್ಸುಗಳಲ್ಲಿ ಬದಲಿ ಕೆಲಸಗಾರರನ್ನು ತುಂಬಿ ತಂದರು. ಗೇಟಿನಲ್ಲಿ ಬಡಿದಾಟ, ನೂರಾರು ಬಂಧನ, ಆರು ತಿಂಗಳ ಸಂಕಟ. ಆ ಸಾಲಿನಲ್ಲಿ ನಿಂತವರು ಬದಲಿಗೆ ಅನ್ನುತ್ತಿದ್ದ ಪದ 'ಸ್ಕ್ಯಾಬ್', ಅಂದರೆ ಗಾಯದ ಮೇಲಿನ ಹಕ್ಕಳೆ. ಎರಡು ವರ್ಷ ಕಳೆದು ಅದೇ ಮಾಲೀಕರು ತಂಡದ ಮಹಾತಾರೆ ವೇಯ್ನ್ ಗ್ರೆಟ್ಸ್‌ಕಿಯನ್ನೇ ಲಾಸ್ ಏಂಜಲೀಸ್‌ಗೆ ಸಾಗಹಾಕಿದರು. ಆಗ ಎಡ್ಮಂಟನ್‌ನವರು "ಜರ್ಸಿ ಇಲ್ಲೇ ಇದೆಯಲ್ಲ" ಎಂದು ಸಮಾಧಾನಪಟ್ಟರೇ? ಬೀದಿಯಲ್ಲಿ ಅತ್ತರು.

ಅಮೆರಿಕನ್ ಫುಟ್‌ಬಾಲ್‌ನವರು 1987ರಲ್ಲಿ ಮೂರು ವಾರ ಬದಲಿಗಳನ್ನು ಆಡಿಸಿ ಅಂಕಪಟ್ಟಿಗೂ ಸೇರಿಸಿದರು. ಷಿಕಾಗೊ ಬೇರ್ಸ್‌ಗೆ ಜನ 'ಸ್ಪೇರ್ ಬೇರ್ಸ್' ಎಂದು ಹೆಸರಿಟ್ಟರು. ಫಿಲಡೆಲ್ಫಿಯಾದ ದೊಡ್ಡ ಕ್ರೀಡಾಂಗಣಕ್ಕೆ ಬಂದವರು 4,074. ವಾಷಿಂಗ್ಟನ್ ಬದಲಿಗಳು ಮೂರಕ್ಕೆ ಮೂರೂ ಗೆದ್ದುಕೊಟ್ಟರು, ತಂಡ ಆ ವರ್ಷ ಸೂಪರ್ ಬೌಲ್ ಗೆದ್ದಿತು. ಗೆದ್ದ ತಂಡದವರಿಗೆ ಕೊಡುವ ಉಂಗುರ ಆ ಬದಲಿಗಳಿಗೆ ಸಿಕ್ಕಿದ್ದು 2018ರಲ್ಲಿ. ಕೆಲಸ ಆಗುವವರೆಗೆ ಆಟಗಾರ, ಆದ ಮೇಲೆ ಮೂವತ್ತು ವರ್ಷ ಯಾರೋ.

ಕೋಟ್ಯಧೀಶ ಆಟಗಾರರಿಗಾಗಿ ಯಾಕೆ ಕಣ್ಣೀರು ಎನ್ನುತ್ತೀರಿ. ಬೇಡ, ಹಾಕಬೇಡಿ. ಅವರಲ್ಲಿ 388 ಜನ ಆ ವರ್ಷ ಯುರೋಪಿಗೆ ಹೋಗಿ ಆಡಿದರು, ಬದುಕಿಕೊಂಡರು. ಪಾಪ್‌ಕಾರ್ನ್ ಮಾರುವ ಹೆಂಗಸು ಯುರೋಪಿಗೆ ಹೋಗಲಿಲ್ಲ. ಪಾರ್ಕಿಂಗ್ ಚೀಟಿ ಹರಿಯುವವನು, ರಾತ್ರಿ ಸೀಟಿನಡಿ ಗುಡಿಸುವವನು, ಪಂದ್ಯದ ದಿನದ ಕೂಲಿ ನೆಚ್ಚಿದ್ದವರು, 310 ದಿನ ಮನೆಯಲ್ಲಿ ಕೂತರು. ಇವರ ಬಗ್ಗೆ ಯಾವ ಸಭೆಯೂ ನಡೆಯಲಿಲ್ಲ. ನಾಚಿಕೆಗೇಡು. ಇದರಲ್ಲಿ ವಿಡಂಬನೆಗೇನೂ ಇಲ್ಲ.

ಕೊನೆಗೆ ಬದಲಿಗಳು ಇಳಿಯಲೇ ಇಲ್ಲ. ಜುಲೈನಲ್ಲಿ ಆಟಗಾರರೇ ಸೋತು 39 ಮಿಲಿಯನ್ ಮಿತಿಗೆ ರುಜು ಹಾಕಿದರು. ಆ ವರ್ಷದ ಜಾಗದಲ್ಲಿ ಕಪ್ ಮೇಲೆ ಕೆತ್ತಿರುವುದು '2004-05 ಸೀಸನ್ ನಾಟ್ ಪ್ಲೇಡ್' ಎಂದಷ್ಟೇ. ಮುಂದಿನ ಸೀಸನ್ ಬದಲಿಗಳಲ್ಲೇ ನಡೆದು ಅವರ ಹೆಸರುಗಳು ಅದರ ಕೆಳಗೆ ಬಂದಿದ್ದರೆ, ಬೇಸಿಲ್ ಪಾಕ್ಲಿಂಗ್ಟನ್‌ಗೆ ಹೊಡೆದ ಎಕ್ಸ್‌ಗಳು ಎಷ್ಟು ಸಾಲು ಬೇಕಾಗುತ್ತಿದ್ದವೋ, ಕೆತ್ತುವವನನ್ನೇ ಕೇಳಬೇಕು.