ವಿನ್ ಸ್ಕಲ್ಲಿ ಅವರ ಕೊನೆಯ ವೀಕ್ಷಕ ವಿವರಣೆ: ಒಂದು ಸ್ಪಷ್ಟನೆ

2022ರ ಆಗಸ್ಟ್ 2ರಂದು, 94ನೆಯ ವಯಸ್ಸಿನಲ್ಲಿ ನಿಧನರಾದ ಬೇಸ್‌ಬಾಲ್ ವೀಕ್ಷಕ ವಿವರಣೆಗಾರ ವಿನ್ ಸ್ಕಲ್ಲಿ ಅವರು ಡಾಡ್ಜರ್ಸ್ ತಂಡದೊಂದಿಗಿನ 67 ಋತುಗಳನ್ನೂ ಲಾಸ್ ಏಂಜಲೀಸ್‌ನಲ್ಲೇ ಕಳೆದರು, ಕೊನೆಯ ಪಂದ್ಯವನ್ನೂ ಅಲ್ಲಿಂದಲೇ ವಿವರಿಸಿದರು ಎಂಬ ಮಾತು ಅವರನ್ನು ನೆನೆಯುವ ಬರಹಗಳಲ್ಲಿ ಹರಿದಾಡುತ್ತಿದೆ, ಎರಡೂ ಸರಿಯಲ್ಲ. 1950ರಲ್ಲಿ, 22ರ ಹರೆಯದಲ್ಲಿ, ಅವರು ಈ ಕೆಲಸ ಆರಂಭಿಸಿದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂಡವು 1958ರ ಋತುವಿಗೆ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡಾಗ ಅವರೂ ಜೊತೆಗೆ ಹೋದರು. 2016ರ ಸೆಪ್ಟೆಂಬರ್ 25ರಂದು ತವರಿನ ಅಂಗಳದಿಂದ ಕೊನೆಯ ಬಾರಿ ಮಾತನಾಡಿದ್ದು ನಿಜವಾದರೂ, ಅವರ ಅಂತಿಮ ವಿವರಣೆ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಜೈಂಟ್ಸ್ ವಿರುದ್ಧದ ಪಂದ್ಯದ್ದು. ಬಾಲ್ಯದಲ್ಲಿ ಅವರು ಅಭಿಮಾನಿಯಾಗಿದ್ದದ್ದು ಇದೇ ಜೈಂಟ್ಸ್ ತಂಡಕ್ಕೆ ಎಂಬುದನ್ನು ನೆನೆದರೆ, ಈ ವಿವರವನ್ನು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ.