ಸೋರ್ಸ್ ಓಪನ್, ಸಿಂಬಲ್ ಮಾತ್ರ ಮಾಯ

ಇವತ್ತು ಇಡೀ ದಿನ ಪ್ರಶ್ನಾರ್ಥಕ ಚಿಹ್ನೆಗಳ ಮುಖ ನೋಡಿಕೊಂಡು ಕೂತಿದ್ದೆ. ಕಸ್ಟಮರ್ ಸರ್ವರ್‌ನಿಂದ ಕೋರ್ ಡಂಪ್ (ಪ್ರೋಗ್ರಾಂ ಕ್ರ್ಯಾಶ್ ಆದ ಗಳಿಗೆಯ ಮೆಮೊರಿಯ ನಕಲು) ಬಂತು. ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದು ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ಕೇಳಿದರೆ ಮೊದಲ ಫ್ರೇಮ್ "??", ಎರಡನೆಯದು "??", ಮೂರನೆಯದೂ ಅದೇ. ಹೆಸರು ಗೊತ್ತಿಲ್ಲ ಅಂತ ಅರ್ಥ. ಬಿದ್ದಿದ್ದು ಒಂದು ಓಪನ್ ಸೋರ್ಸ್ ಲೈಬ್ರರಿಯ ಒಳಗೆ. ಅದನ್ನು ನಾವು ಬಿಲ್ಡ್ ಮಾಡಿಲ್ಲ, ಬೇರೆಯವರ ಎಸ್‌ಡಿಕೆ (ಡೆವಲಪರ್‌ಗಳಿಗೆ ಕೊಡುವ ಸಾಫ್ಟ್‌ವೇರ್ ಕಿಟ್) ಜೊತೆ ರೆಡಿಮೇಡ್ ಆಗಿ ಬಂದಿದ್ದು. ಯಾರು ಅಂತ ಹೇಳಲ್ಲ, ಸುಮ್ನೆ ಜಗಳ ಯಾಕೆ. ಡಿಬಗ್ ಸಿಂಬಲ್‌ಗಳನ್ನು ಮಾತ್ರ ನೀಟಾಗಿ ಸ್ಟ್ರಿಪ್ ಮಾಡಿ (ಕಿತ್ತು ಹಾಕಿ) ಕಳಿಸಿದ್ದಾರೆ.

ಗೋಳು ಹೇಳಿಕೊಂಡರೆ ತಕ್ಷಣ ಉಪದೇಶ: "ಓಪನ್ ಸೋರ್ಸ್ ಅಲ್ವಾ, ಸೋರ್ಸ್ ಓದು." ಓದುತ್ತೇನೆ ಸ್ವಾಮಿ, ಯಾವ ಸಾಲು ಓದಲಿ? ನನ್ನ ಕೈಯಲ್ಲಿರುವುದು ಬರೀ ಒಂದು ಅಡ್ರೆಸ್. ಅದು ಯಾವ ಫೈಲಿನ ಯಾವ ಸಾಲು ಅಂತ ಹೇಳುವುದೇ ಡಿಬಗ್ ಮಾಹಿತಿಯ ಕೆಲಸ. ಅದಿಲ್ಲದಿದ್ದರೆ "5ನೇ ಕ್ರಾಸ್, 3ನೇ ಮೇನ್‌ಗೆ ಬನ್ನಿ" ಅಂದು ಬಡಾವಣೆ ಹೆಸರೇ ಹೇಳದ ಹಾಗೆ.

"ಮೈನಸ್ ಜಿ ಹಾಕಿ ನೀವೇ ಬಿಲ್ಡ್ ಮಾಡಿಕೊಳ್ಳಿ" ಎನ್ನುವವರದು ಇನ್ನೊಂದು ಪಂಗಡ. ಮೈನಸ್ ಜಿ ಅಂದರೆ ಡಿಬಗ್ ಮಾಹಿತಿ ಸೇರಿಸು ಅಂತ ಕಂಪೈಲರ್‌ಗೆ ಹೇಳುವ ಆಪ್ಷನ್. ಎಸ್‌ಡಿಕೆಯವರು ಬಳಸಿದ್ದು ಯಾವ ಕಂಪೈಲರ್? ಆಪ್ಟಿಮೈಸೇಶನ್ ಮಟ್ಟ ಓ2ನೋ ಓ3ನೋ? ಮೇಲೆ ಯಾವ ಪ್ಯಾಚ್ ಹಾಕಿದ್ದಾರೆ? ಇದರಲ್ಲಿ ಒಂದು ಬದಲಾದರೂ ಫಂಕ್ಷನ್‌ಗಳು ಜಾಗ ಬದಲಿಸುತ್ತವೆ. ನನ್ನ ಬಿಲ್ಡ್‌ನ ಸಿಂಬಲ್ ತಗೊಂಡು ಅವರ ಬೈನರಿಯ ಕೋರ್ ಡಂಪ್ ನೋಡಿದರೆ ಸಿಗುವುದು ಸುಳ್ಳು ಹೆಸರುಗಳು. ಅದಕ್ಕಿಂತ "??" ವಾಸಿ.

ಕೊನೆಗೆ ಡಿಸ್‌ಅಸೆಂಬ್ಲಿಗೇ, ಅಂದರೆ ಬೈನರಿಯ ಮೆಷಿನ್ ಇನ್‌ಸ್ಟ್ರಕ್ಷನ್‌ಗಳನ್ನೇ ಓದಲು ಇಳಿದೆ. ಪ್ರೊಸೆಸರ್‌ನ ಆರ್‌ಡಿಐ ರಿಜಿಸ್ಟರ್‌ನಲ್ಲಿ ಸೊನ್ನೆ. 64-ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಫಂಕ್ಷನ್‌ನ ಮೊದಲ ಆರ್ಗ್ಯುಮೆಂಟ್ ಬರುವುದು ಅಲ್ಲಿಗೇ. ಕ್ರ್ಯಾಶ್ ಆದ ಇನ್‌ಸ್ಟ್ರಕ್ಷನ್ ಅದಕ್ಕೆ 24 ಕೂಡಿಸಿ ಮೆಮೊರಿ ಓದಲು ಹೋಗಿದೆ. ಅಂದರೆ ಯಾರೋ ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ಸೊನ್ನೆ ಅಡ್ರೆಸ್) ದಾಟಿಸಿದ್ದಾರೆ, 24ನೇ ಬೈಟಿನ ಫೀಲ್ಡ್ ಮುಟ್ಟಲು ಹೋಗಿ ಮುಗ್ಗರಿಸಿದೆ. ಆದರೆ ಯಾವ ಸ್ಟ್ರಕ್ಟ್ (ಫೀಲ್ಡ್‌ಗಳ ಗುಂಪು)? ಪುಣ್ಯಕ್ಕೆ ಎರರ್ ಮೆಸೇಜ್‌ಗಳನ್ನು ಸ್ಟ್ರಿಪ್ ಮುಟ್ಟುವುದಿಲ್ಲ. ಪಕ್ಕದಲ್ಲೇ ಒಂದು ಮೆಸೇಜಿನ ಅಡ್ರೆಸ್ ಲೋಡ್ ಆಗುತ್ತಿತ್ತು. ಅದೇ ವಾಕ್ಯವನ್ನು ಸೋರ್ಸಿನಲ್ಲಿ ಗ್ರೆಪ್ ಮಾಡಿ ಹುಡುಕಿದೆ, ಫಂಕ್ಷನ್ ಸಿಕ್ಕಿತು. ನಿಜ ಹೇಳಲಾ? ಆ ಗಳಿಗೆಯಲ್ಲಿ ಜಾಸ್ತಿನೇ ಖುಷಿಯಾಯಿತು. ಅಸೆಂಬ್ಲಿ ಓದುವ ಚಟ ನನಗೆ ಒಳಗೊಳಗೇ ಇದೆ, ಮನೆಯವರಿಗೂ ಗೊತ್ತು. ಹಾಗಂತ ನನ್ನ ಚಟಕ್ಕೆ ಕಂಪನಿ ಸಂಬಳ ಕೊಡಬೇಕಾ?

ಅಂದಹಾಗೆ ಎಸ್‌ಡಿಕೆಯವರಿಗೂ ಮೇಲ್ ಹಾಕಿದ್ದೆ. ಉತ್ತರ: "ಫಂಕ್ಷನ್ ಹೆಸರುಗಳಿರುವ ಬ್ಯಾಕ್‌ಟ್ರೇಸ್ ಕಳಿಸಿ." ಎದ್ದು ಹೋಗಿ ಕಾಫಿ ಕುಡಿದು ಬಂದೆ.

ಸಿಂಬಲ್ ಇಟ್ಟರೆ ಸೈಜ್ ಜಾಸ್ತಿ ಆಗುತ್ತೆ ಅಂತೀರಾ? ಆಗುತ್ತದೆ, ಸಿ ಪ್ಲಸ್ ಪ್ಲಸ್‌ನಲ್ಲಿ ಕೋಡ್‌ಗಿಂತ ಡಿಬಗ್ ಮಾಹಿತಿಯೇ ಎಷ್ಟೋ ಪಟ್ಟು ದಪ್ಪ. ಅದನ್ನು ಬೈನರಿಯೊಳಗೇ ತುಂಬಿ ಅಂದವರು ಯಾರು? ಡೆಬಿಯನ್ ಲಿನಕ್ಸ್‌ನವರು ಬೇರೆ ಡಿಬಿಜಿಸಿಮ್ ಪ್ಯಾಕೇಜಿನಲ್ಲಿ ಇಡುತ್ತಾರೆ. 2019ರಲ್ಲೇ ಡಿಬಗ್‌ಇನ್‌ಫೋಡಿ ಎಂಬ ಸರ್ವರ್ ಬಂತು. ಬೈನರಿಯ ಬಿಲ್ಡ್ ಐಡಿ (ಆ ಬಿಲ್ಡ್‌ನ ಗುರುತು ಸಂಖ್ಯೆ) ಕೊಟ್ಟರೆ ಸರ್ವರ್‌ನಿಂದ ಸರಿಯಾದ ಸಿಂಬಲ್ ಫೈಲ್ ಬರುತ್ತದೆ. ಜಿಡಿಬಿ 10ರಿಂದ ಈಚೆಗೆ ಅದನ್ನು ತಾನೇ ತರಿಸಿಕೊಳ್ಳಬಲ್ಲದು. ಸಂಬಳವಿಲ್ಲದೆ ದುಡಿಯುವ ಎಷ್ಟೋ ವಾಲಂಟಿಯರ್‌ಗಳು ಇದನ್ನೆಲ್ಲ ಪಾಲಿಸುತ್ತಾರೆ. ಲೈಸೆನ್ಸ್ ದುಡ್ಡು ಎಣಿಸಿಕೊಂಡವರಿಗೆ ಮಾತ್ರ ಕಷ್ಟ.

ಬಿಲ್ಡ್ ಸ್ಕ್ರಿಪ್ಟ್ ಬರೆಯುವವರು ಫ್ರೆಂಡ್ ಲಿಸ್ಟಿನಲ್ಲಿ ತುಂಬಾ ಜನ ಇದ್ದೀರಿ. ಸ್ಟ್ರಿಪ್ ಮಾಡುವ ಮುಂಚೆ ಆಬ್ಜ್‌ಕಾಪಿ ಎಂಬ ಟೂಲಿನ ಒಂದು ಸಾಲು ಹಾಕಿ ಸಿಂಬಲ್ ಬೇರೆ ತೆಗೆದಿಡಿ. ಡಿಸ್ಕ್ ಜಾಗ ಸಾಲದಿದ್ದರೆ ಬಿಲ್ ನನಗೆ ಕಳಿಸಿ.